ಫ್ಲಾಸ್ಕಿನಲ್ಲಿ ಇರುವುದೇನು?

ನ್ಯಾನೋ ಪ್ರಯೋಗಾಲಯಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ಒಂದು ಫ್ಲಾಸ್ಕ್ ಚಿನ್ನವನ್ನು ಹಾಳು ಮಾಡಿದೆ. ಮಾಣಿಕ್ಯದ ಕೆಂಪಿನ ನೂರು ಮಿಲಿಲೀಟರ್ ದ್ರಾವಣ ಅದು. ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಮಾಡಿಟ್ಟು, "ಇದರ ಮೇಲೆ ನಿಮ್ಮ ಅಣುವನ್ನು ಕೂರಿಸಿ ನೋಡಿ" ಎಂದು ಹೇಳಿ ಹೋಗಿದ್ದರು. ನಾನು ಆರು ವರ್ಷ ಸಾವಯವ ಸಂಶ್ಲೇಷಣೆ, ಅಂದರೆ ಇಂಗಾಲದ ಅಣುಗಳನ್ನು ಹಂತಹಂತವಾಗಿ ಕಟ್ಟುವ ಕೆಲಸ, ಮಾಡಿ ಬಂದವಳು. ಫ್ಲಾಸ್ಕಿನಲ್ಲಿ ಏನೇ ಇರಲಿ, ಮೊದಲು ದ್ರಾವಕವನ್ನು ಹಾರಿಸಬೇಕು, ಉಳಿದದ್ದನ್ನು ತೂಗಬೇಕು, ಮಿಕ್ಕ ಮಾತೆಲ್ಲ ಆಮೇಲೆ. ಕೈಗೆ ಅಂಟಿದ ಅಭ್ಯಾಸದಂತೆ ಫ್ಲಾಸ್ಕನ್ನು ರೋಟರಿ ಇವಾಪರೇಟರ್‌ಗೆ ಸಿಕ್ಕಿಸಿ ಬೇರೆ ಕೆಲಸಕ್ಕೆ ಹೋದೆ. ಒಂದೂವರೆ ಗಂಟೆಯ ನಂತರ ಬಂದು ನೋಡಿದರೆ ಗಾಜಿನ ಒಳಮೈಗೆ ಮಸಿ ಬಳಿದಂತಹ ಪೊರೆ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಹಳದಿ ಮಿಂಚು. ನೀರು ಹಾಕಿ ಅಲುಗಾಡಿಸಿದೆ, ಬಿಸಿ ಮಾಡಿದೆ, ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿಟ್ಟೆ. ಕೆಂಪು ಮರಳಿ ಬರಲೇ ಇಲ್ಲ.

ನಮ್ಮ ಮಾರ್ಗದರ್ಶಕರು ಬಂದು ಫ್ಲಾಸ್ಕನ್ನು ತಿರುಗಿಸಿ ನೋಡಿದರು. ಬೈಯಲಿಲ್ಲ. "ಈಗ ಇದರಲ್ಲಿ ಇರುವುದೇನು?" ಎಂದು ಕೇಳಿದರು.

"ಚಿನ್ನ" ಎಂದೆ.

"ಬೆಳಿಗ್ಗೆ ಇದ್ದದ್ದೂ ಚಿನ್ನವೇ ಅಲ್ಲವೇ?"

ಉತ್ತರ ನನ್ನಲ್ಲಿ ಇರಲಿಲ್ಲ. ಅಲ್ಲಿಂದ ಮುಂದೆ ನನ್ನ ವೃತ್ತಿಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿದೆ ಎಂದರೆ ಹೆಚ್ಚಲ್ಲ. ಸಾವಯವ ರಸಾಯನದಿಂದ ನ್ಯಾನೋ ವಸ್ತುಗಳತ್ತ ಬರಬೇಕೆಂದಿರುವ ಕಿರಿಯರು ನನ್ನನ್ನು ಆಗಾಗ ದಾರಿ ಕೇಳುತ್ತಾರೆ. ನಾನು ಎಲ್ಲೆಲ್ಲಿ ಎಡವಿದೆ, ಎಲ್ಲಿ ನನ್ನ ಹಳೆಯ ಕಸುಬು ಕೈ ಹಿಡಿಯಿತು ಎಂಬುದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಪಿಎಚ್‌ಡಿಯಲ್ಲಿ ನನ್ನದು ಹದಿನೇಳು ಹಂತಗಳ ಒಂದು ಸಂಶ್ಲೇಷಣೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರ ಕಥೆಯೂ ಹೆಚ್ಚುಕಡಿಮೆ ಒಂದೇ. ಹನ್ನೊಂದನೆಯ ಹಂತದಲ್ಲಿ ಒಂದು ವರ್ಷ ಕಳೆದುಹೋಯಿತು. ಆದರೆ ಆ ಶಿಸ್ತು ಕೊಟ್ಟ ಒಂದು ಭರವಸೆಯನ್ನು ಹೇಳಲೇಬೇಕು. ಕೊನೆಯಲ್ಲಿ ಬಂದದ್ದು ಒಂದೇ ಅಣು. ಅದರ ದ್ರವನಬಿಂದು ಇಷ್ಟು, ಅಣುವಿನೊಳಗಿನ ಪರಮಾಣುಗಳ ನೆಲೆ ತೋರಿಸುವ ಎನ್‌ಎಂಆರ್ ರೋಹಿತ (ಸ್ಪೆಕ್ಟ್ರಮ್) ಹೀಗೆ, ದ್ರವ್ಯರಾಶಿ ನಾಲ್ಕು ದಶಮಾಂಶದವರೆಗೆ ಸರಿ. ಫ್ಲಾಸ್ಕಿನಲ್ಲಿರುವ ಕೋಟ್ಯನುಕೋಟಿ ಅಣುಗಳಲ್ಲಿ ಯಾವುದನ್ನು ಎತ್ತಿಕೊಂಡರೂ ಅದೇ ರೂಪ. ಇಷ್ಟು ಖಚಿತವಾಗಿ "ಇದು ಇಂಥದು" ಎಂದು ಹೇಳಬಲ್ಲ ಕಸುಬುಗಳು ಕಡಿಮೆ. ಸಾವಯವ ರಸಾಯನದವರ ಜಂಬಕ್ಕೆ ಕಾರಣವೂ ಅದೇ.

ನ್ಯಾನೋ ಲೋಕದಲ್ಲಿ ಆ ಜಂಬ ಇಳಿಯಲು ಒಂದು ತಿಂಗಳು ಸಾಕು. ಕೆಂಪು ಚಿನ್ನ ಹೊಸದೇನಲ್ಲ. ಮೈಕೆಲ್ ಫ್ಯಾರಡೆ 1857ರಲ್ಲೇ ಚಿನ್ನದ ಲವಣವನ್ನು ರಂಜಕದಿಂದ ಅಪಕರ್ಷಿಸಿ (ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸಿ) ಮಾಣಿಕ್ಯದ ಬಣ್ಣದ ದ್ರವವನ್ನು ಪಡೆದಿದ್ದ. ಅದಕ್ಕೆ ಉಪ್ಪು ಹಾಕಿದರೆ ನೀಲಿಗೆ ತಿರುಗುವುದನ್ನೂ ಬರೆದಿಟ್ಟಿದ್ದ. ನಾವು ಬಳಸುತ್ತಿದ್ದದ್ದು 1951ರಲ್ಲಿ ಟರ್ಕೆವಿಚ್ ವಿವರಿಸಿದ ವಿಧಾನ. ಕುದಿಯುವ ಕ್ಲೋರೋಆರಿಕ್ ಆಮ್ಲದ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಸುರಿದರೆ ತಿಳಿ ಹಳದಿ ಮೊದಲು ಮಾಯವಾಗುತ್ತದೆ, ನಂತರ ಕಪ್ಪು ಮಿಶ್ರಿತ ನೀಲಿ ಬರುತ್ತದೆ, ಅದು ನೇರಳೆಯಾಗಿ, ಕೆಲವು ನಿಮಿಷಗಳಲ್ಲಿ ಕೆಂಪಾಗಿ ನಿಲ್ಲುತ್ತದೆ. ಸಿಟ್ರೇಟ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಚಿನ್ನವನ್ನು ಅಪಕರ್ಷಿಸುತ್ತದೆ, ಹುಟ್ಟಿದ ಕಣಗಳ ಮೈಮೇಲೆ ಕುಳಿತು ಋಣ ಆವೇಶದ ಬಲದಿಂದ ಅವು ಒಂದಕ್ಕೊಂದು ತಾಗದಂತೆ ದೂರವಿಡುತ್ತದೆ. ಆದರೆ ಆ ಹಿಡಿತ ಬಲು ಸಡಿಲ. ನೀರು ಆವಿಯಾಗುತ್ತ ಬಂದಂತೆ ಲವಣ ದಟ್ಟವಾಗುತ್ತದೆ, ಕಣಗಳು ಒತ್ತೊತ್ತಾಗುತ್ತವೆ, ತಾಗುತ್ತವೆ, ಬೆಸೆದುಕೊಳ್ಳುತ್ತವೆ. ಬೆಸೆದ ಮೇಲೆ ಅದು ಬರೀ ಚಿನ್ನದ ತಗಡು. ಹಾಗಾಗಿ ಮಾರ್ಗದರ್ಶಕರ ಪ್ರಶ್ನೆಗೆ ಸರಿಯಾದ ಉತ್ತರ "ಚಿನ್ನ" ಅಲ್ಲ. ಬೆಳಿಗ್ಗೆ ಫ್ಲಾಸ್ಕಿನಲ್ಲಿ ಇದ್ದದ್ದು ಸುಮಾರು 13 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಗಲದ ಕಣಗಳು, ಅವುಗಳ ಮೈಮೇಲಿನ ಸಿಟ್ರೇಟ್, ಅವುಗಳ ನಡುವಿನ ಅಂತರ. ಈ ಮೂರರಲ್ಲಿ ಒಂದನ್ನು ತೆಗೆದರೂ ವಸ್ತು ಬೇರೆಯಾಗುತ್ತದೆ.

"ಸುಮಾರು" ಎಂಬ ಪದ ನನಗೆ ನುಂಗಲಾರದ ತುತ್ತಾಗಿತ್ತು. ಆ 13 ಒಂದು ಸರಾಸರಿ. ಕೆಲವು ಕಣಗಳು 12, ಕೆಲವು 14. ಒಂದು ಕಣದಲ್ಲಿ ಎಷ್ಟು ಪರಮಾಣುಗಳು ಎಂದು ಲೆಕ್ಕ ಹಾಕಿದರೆ ಅರವತ್ತೆಂಟು ಸಾವಿರದ ಆಸುಪಾಸು. ಪಕ್ಕದ ಕಣದಲ್ಲಿ ಸಾವಿರಾರು ಹೆಚ್ಚೋ ಕಡಿಮೆಯೋ. ಇಂಥದಕ್ಕೆ ಅಣುಸೂತ್ರ ಬರೆಯುವುದು ಹೇಗೆ? ಇಳುವರಿ ಹೇಳುವುದು ಹೇಗೆ? ಎರಡನೆಯ ಪ್ರಯತ್ನದಲ್ಲಿ ಒಣಗಿಸುವ ತಪ್ಪು ಮಾಡಲಿಲ್ಲ, ಲೆಕ್ಕದ ತಪ್ಪು ಮಾಡಿದೆ. ಸಾವಯವದವರು ಕಾರಕವನ್ನು 1.1 ಸಮಾನಾಂಶ, ಅಂದರೆ ಬೇಕಾದ ಎಣಿಕೆಗಿಂತ ಹತ್ತನೇ ಒಂದು ಪಾಲು ಹೆಚ್ಚು, ಹಾಕುವುದು ವಾಡಿಕೆ. ನಾನೂ ಹಾಕಿದೆ. ಯಾವುದಕ್ಕೆ ಹೋಲಿಸಿ? ಫ್ಲಾಸ್ಕಿನಲ್ಲಿದ್ದ ಸುಮಾರು 20 ಮಿಲಿಗ್ರಾಂ ಚಿನ್ನದ ಒಟ್ಟು ಪರಮಾಣುಗಳಿಗೆ. ಆದರೆ ನನ್ನ ಅಣುವಿಗೆ ಆಸನ ಇರುವುದು ಕಣದ ಹೊರಮೈಯಲ್ಲಿ ಮಾತ್ರ, ಒಂದು ಕಣಕ್ಕೆ ಎರಡು ಸಾವಿರ ಚಿಲ್ಲರೆ. ಅಂದರೆ ಎರಡು ಸಾವಿರ ಆಸನಗಳ ಸಭಾಂಗಣಕ್ಕೆ ಎಪ್ಪತ್ತೈದು ಸಾವಿರ ಜನರನ್ನು ಕರೆದಂತಾಯಿತು. ಮಿಕ್ಕವರನ್ನು ಹೊರಗೆ ಕಳಿಸಲು ಮೂರು ದಿನ ಸೆಂಟ್ರಿಫ್ಯೂಜ್ ತಿರುಗಿಸಿದೆ.

ಗಾಜಿನ ಶುದ್ಧಿಯ ಪಾಠವೂ ಅದೇ ದಿನಗಳದ್ದು. ಅಸಿಟೋನ್‌ನಿಂದ ತೊಳೆದು ಒಣಗಿಸಿದರೆ ಫ್ಲಾಸ್ಕ್ ಶುದ್ಧ ಎಂಬುದು ನನ್ನ ನಂಬಿಕೆಯಾಗಿತ್ತು. ಇಲ್ಲಿ ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲ ಸೇರಿಸಿದ ಆಕ್ವಾ ರೀಜಿಯಾದಲ್ಲಿ ತೊಳೆಯಬೇಕು, ಅದೂ ವಿಷಗಾಳಿಯನ್ನು ಹೊರಹಾಕುವ ಫ್ಯೂಮ್ ಹುಡ್ ಒಳಗೆ, ಹೊಸದಾಗಿ ಕಲಸಿ. ಅಸಿಟೋನ್‌ನ ಪಸೆ ಇರುವ ಪಾತ್ರೆಗೆ ಅದನ್ನು ಸುರಿಯುವಂತಿಲ್ಲ. ಅವೆರಡು ಸೇರಿದರೆ ಸಿಡಿಯುತ್ತವೆ. ನಾನು ಹಳೆಯ ಲ್ಯಾಬಿನಿಂದ ತಂದಿದ್ದ ಕಾಂತದ ಕಲಕುಕಡ್ಡಿಯೊಂದು ನೋಡಲು ಬಿಳಿಯಾಗಿಯೇ ಇತ್ತು. ಅದರ ಗೀರುಗಳಲ್ಲಿ ಹಿಂದಿನ ಯಾವುದೋ ಪಲ್ಲಾಡಿಯಂ ಕ್ರಿಯೆಯ ಕಪ್ಪು ಉಳಿದಿತ್ತು. ಅದನ್ನು ಹಾಕಿದಾಗಲೆಲ್ಲ ಕೆಂಪಿನ ಬದಲು ಕೊಳಕು ನೇರಳೆ. ಕಣಗಳು ಹುಟ್ಟಲು ಒಂದು ನೆಪ ಸಾಕು. ಗಾಜಿನ ಗೀರು, ಧೂಳಿನ ಚೂರು, ಹಳೆಯ ಲೋಹದ ಕಲೆ, ಏನಾದರೂ ಆದೀತು. ಇಂದಿಗೂ ನನ್ನ ಲ್ಯಾಬಿನಲ್ಲಿ ಪಲ್ಲಾಡಿಯಂ ಕಡ್ಡಿಗಳಿಗೆ ಬೇರೆ ಡಬ್ಬಿ ಇದೆ, ಕೆಂಪು ಮುಚ್ಚಳದ್ದು.

ಆ ವರ್ಷದ ದೊಡ್ಡ ಅವಮಾನ ನಡೆದದ್ದು ಮಾತ್ರ ಎನ್‌ಎಂಆರ್‌ನಿಂದ. ಅದು ನನ್ನದೇ ಅಂಗಳ ಎಂದುಕೊಂಡಿದ್ದೆ. ಆಗ ನಾವು 1994ರಲ್ಲಿ ಬ್ರಸ್ಟ್, ಶಿಫ್ರಿನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ಇನ್ನೂ ಚಿಕ್ಕ ಕಣಗಳನ್ನು ಮಾಡುತ್ತಿದ್ದೆವು. ನೀರಿನಲ್ಲಿರುವ ಚಿನ್ನದ ಲವಣವನ್ನು ಟೆಟ್ರಾಆಕ್ಟೈಲ್ ಅಮೋನಿಯಂ ಬ್ರೋಮೈಡ್ ಎಂಬ ವಾಹಕದ ಹೆಗಲ ಮೇಲೆ ಟಾಲುಯೀನ್‌ಗೆ ದಾಟಿಸಿ, ತುದಿಯಲ್ಲಿ ಗಂಧಕವಿರುವ ಡೋಡೆಕೇನ್‌ಥಯಾಲ್ ಹಾಕಿ, ಸೋಡಿಯಂ ಬೋರೋಹೈಡ್ರೈಡ್‌ನಿಂದ ಅಪಕರ್ಷಿಸುವ ಕೆಲಸ. ಗಂಧಕ ಚಿನ್ನವನ್ನು ಗಟ್ಟಿಯಾಗಿ ಹಿಡಿಯುವುದರಿಂದ ಈ ಕಣಗಳನ್ನು ಧೈರ್ಯವಾಗಿ ಒಣಗಿಸಬಹುದು, ಪುಡಿ ಮಾಡಿ ಸೀಸೆಯಲ್ಲಿಡಬಹುದು, ಬೇಕೆಂದಾಗ ಮತ್ತೆ ಕರಗಿಸಬಹುದು. ಸಾವಯವದವಳಿಗೆ ಇದಕ್ಕಿಂತ ಹೆಚ್ಚಿನ ಸಮಾಧಾನ ಏನು ಬೇಕು! ಒಣಗಿಸಿದೆ, ತೂಗಿದೆ, ರೋಹಿತ ತೆಗೆದೆ. ಸೂಜಿಮೊನೆಯಂಥ ಪೀಕ್‌ಗಳು. ಎನ್‌ಎಂಆರ್ ಅಳತೆಪಟ್ಟಿಯ 2.68 ಪಿಪಿಎಂನಲ್ಲಿ ಮೂರು ಕವಲಿನ ಅಂದವಾದ ಗುರುತು. ವಾರದ ಸಭೆಯಲ್ಲಿ ಪರದೆಯ ಮೇಲೆ ತೋರಿಸಿ, "ಎಷ್ಟು ಶುದ್ಧವಾಗಿದೆ ನೋಡಿ" ಎಂದೆ.

ಮಾರ್ಗದರ್ಶಕರು ಕನ್ನಡಕ ಸರಿಪಡಿಸಿಕೊಂಡರು. "ಇಷ್ಟು ಚೆಂದ ಕಾಣುತ್ತಿದೆ ಎಂದರೆ ಅದು ಕಣದ ಮೇಲಿಲ್ಲ" ಎಂದರು.

ವಿಷಯ ಹೀಗೆ. ಕಣಕ್ಕೆ ಅಂಟಿದ ಅಣುವಿಗೆ ಬಿಡುಬೀಸಾಗಿ ಹೊರಳಾಡಲು ಆಗುವುದಿಲ್ಲ. ಅದೂ ಅಲ್ಲದೆ ಒಂದೊಂದು ಅಣು ಕುಳಿತ ಜಾಗ ಒಂದೊಂದು ಬಗೆ: ಅಂಚು, ಮೂಲೆ, ಸಮತಲ. ಹೀಗಾಗಿ ಪೀಕ್‌ಗಳು ಅಗಲವಾಗಿ ಹರಡಿಕೊಳ್ಳುತ್ತವೆ. ಗಂಧಕದ ಪಕ್ಕದ ಇಂಗಾಲದ ಮೇಲಿರುವ ಹೈಡ್ರೋಜನ್‌ಗಳ ಗುರುತಂತೂ ಅಗಲವಾಗಿ ಅಗಲವಾಗಿ ಕಾಣದಂತಾಗುತ್ತದೆ. ನಾನು ತೋರಿಸಿದ ಅಂದವಾದ 2.68, ಕಣಗಳ ಜೊತೆ ಸುಮ್ಮನೆ ಬಂದು ಕೂತಿದ್ದ ಡೈಸಲ್ಫೈಡ್ (ಎರಡು ಥಯಾಲ್‌ಗಳು ಗಂಧಕದಲ್ಲಿ ಜೋಡಿಯಾದದ್ದು) ಕಸದ್ದು. ಆಮೇಲೆ ನೋಡಿದರೆ 3.4ರ ಹತ್ತಿರ ಆ ಅಮೋನಿಯಂ ವಾಹಕವೂ ಹೋಗದೆ ಉಳಿದಿತ್ತು. ಎಥನಾಲ್‌ನಲ್ಲಿ ತಳಕ್ಕಿಳಿಸಿ ತೊಳೆದೆ, ಮತ್ತೆ ತೊಳೆದೆ. ಐದನೆಯ ಸಲಕ್ಕೆ ರೋಹಿತದಲ್ಲಿ ಉಳಿದದ್ದು ಬೆಟ್ಟದ ಸಾಲಿನಂತೆ ಉಬ್ಬಿದ ಎರಡು ಮಂಕು ಗುಡ್ಡೆಗಳು. ಪಿಎಚ್‌ಡಿಯಲ್ಲಿ ಇಂಥ ರೋಹಿತವನ್ನು ತಂದಿದ್ದರೆ ನನ್ನನ್ನು ಹೊರಗೆ ಕಳಿಸುತ್ತಿದ್ದರು. ಇಲ್ಲಿ ಅದೇ ಶುದ್ಧತೆಯ ಗುರುತು. ಖಾತ್ರಿಗಾಗಿ ಸ್ವಲ್ಪ ಮಾದರಿಗೆ ಅಯೋಡಿನ್ ಹಾಕಿ ಕಣಗಳನ್ನು ಒಡೆದೆ. ಅಣುಗಳು ಡೈಸಲ್ಫೈಡ್ ಆಗಿ ಬಿಡುಗಡೆಯಾದವು, ಅದೇ 2.68 ಮರಳಿ ಬಂತು. ಒಂದೇ ಗುರುತು ಮೊದಲು ಕಸ, ಈಗ ಸಾಕ್ಷಿ.

ಇಷ್ಟು ಸೋತ ಮೇಲೆ, ನನಗೆ ಬರುವುದೇನು ಎಂದು ಕೇಳಿಕೊಂಡೆ. ನನ್ನ ಸುತ್ತ ಇದ್ದವರು ಕಣಗಳನ್ನು ನನಗಿಂತ ಹತ್ತು ಪಟ್ಟು ಚೆನ್ನಾಗಿ ಮಾಡುತ್ತಿದ್ದರು. ಆದರೆ ಮೈಮೇಲೆ ಕೂರಿಸುವ ಅಣುವನ್ನು ಅವರೆಲ್ಲ ಪಟ್ಟಿಯಿಂದ ತರಿಸುತ್ತಿದ್ದರು. ಪಟ್ಟಿಯಲ್ಲಿ ಇಲ್ಲದ ಅಣುವಿನ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ. ಕಣ ನೀರಿನಲ್ಲಿ ಕರಗುತ್ತದೋ ಎಣ್ಣೆಯಲ್ಲೋ, ಜೀವಕೋಶಕ್ಕೆ ಹತ್ತುತ್ತದೋ ಇಲ್ಲವೋ, ಉಪ್ಪಿಗೆ ಹೆದರುತ್ತದೋ ಇಲ್ಲವೋ ಎಂಬುದೆಲ್ಲ ಬಹುಮಟ್ಟಿಗೆ ಆ ಹೊರಗಿನ ಅಣುವಿನ ಕೈಯಲ್ಲಿದೆ. ಅದು ನನ್ನ ಕಸುಬು.

ಮೊದಲು ಯೋಜಿಸಿದ ಅಣುವಿಗೆ ಮೂರು ಭಾಗ. ಚಿನ್ನವನ್ನು ಹಿಡಿಯಲು ಲಿಪೋಯಿಕ್ ಆಮ್ಲದ ಉಂಗುರ. ಅದರಲ್ಲಿ ಎರಡು ಗಂಧಕಗಳಿರುವುದರಿಂದ ಒಂದರ ಹಿಡಿತ ಜಾರಿದರೂ ಇನ್ನೊಂದು ಬಿಡುವುದಿಲ್ಲ. ನಡುವೆ ನೀರಿನೊಂದಿಗೆ ಒಗ್ಗುವ ಎಥಿಲೀನ್ ಗ್ಲೈಕಾಲ್ ಸರಪಳಿ. ಹೊರತುದಿಯಲ್ಲಿ ಅಜೈಡ್ (ಮೂರು ಸಾರಜನಕಗಳ ಸಾಲು), ಆಮೇಲೆ ಬೇಕಾದದ್ದನ್ನು ಸಿಕ್ಕಿಸಲು ಒಂದು ಕೊಕ್ಕೆ.

ಸರಪಳಿಯ ಎರಡೂ ತುದಿಗಳು ಒಂದೇ ಬಗೆ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಡುವುದು ಹೇಗೆ ಎಂಬುದೇ ಇಲ್ಲಿಯ ತೊಡಕು. ಎರಡೂ ಕಡೆ ಅಜೈಡ್ ಮಾಡಿ, ಒಂದನ್ನು ಮಾತ್ರ ಅಮೈನ್ (ಆಮ್ಲದೊಂದಿಗೆ ಸೇರುವ ಸಾರಜನಕದ ಗುಂಪು) ಆಗಿ ಅಪಕರ್ಷಿಸುವ ಹಳೆಯ ಉಪಾಯವೊಂದಿದೆ. ಈಥರ್ ಪದರದಲ್ಲಿ ಡೈಅಜೈಡ್, ಕೆಳಗೆ ತಿಳಿ ಹೈಡ್ರೋಕ್ಲೋರಿಕ್ ಆಮ್ಲ. ಟ್ರೈಫೀನೈಲ್‌ಫಾಸ್ಫೀನ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಒಂದು ತುದಿ ಅಮೈನ್ ಆದ ಕೂಡಲೇ ಅಣು ಆಮ್ಲದ ಪದರಕ್ಕೆ ಇಳಿದುಹೋಗುತ್ತದೆ, ಫಾಸ್ಫೀನ್‌ಗೆ ಅಲ್ಲಿ ಪ್ರವೇಶವಿಲ್ಲ. ಎರಡನೆಯ ತುದಿ ಹೀಗೆ ಬಚಾವಾಗುತ್ತದೆ. ಪದರ ಬೇರ್ಪಡಿಸಿ, ಕ್ಷಾರ ಹಾಕಿ, ಅಮೈನನ್ನು ಹೊರಗೆಳೆದರೆ ಕಾಲಂ (ಮಿಶ್ರಣ ಬೇರ್ಪಡಿಸುವ ನಳಿಕೆ) ಕೂಡ ಬೇಡ. ಇಡೀ ಸಂಜೆ ಆ ಹನಿಗಳನ್ನು ನೋಡುತ್ತ ಕುಳಿತದ್ದು ನೆನಪಿದೆ. ಎಷ್ಟೋ ದಿನಗಳ ನಂತರ ನನ್ನ ಮನೆಗೆ ನಾನು ಬಂದಂತಿತ್ತು.

ಅಜೈಡ್‌ಗಳು ಸಿಡಿಯಬಲ್ಲವು, ಅವುಗಳ ವಿಷಯದಲ್ಲಿ ಹುಷಾರು ಎಂದು ಹೇಳದೆ ಮುಂದೆ ಹೋಗಲಾರೆ. ಅಣುವಿನ ಇಂಗಾಲ ಮತ್ತು ಆಮ್ಲಜನಕಗಳ ಒಟ್ಟು ಸಂಖ್ಯೆ ಸಾರಜನಕಗಳ ಮೂರು ಪಟ್ಟಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ನಾಲ್ಕು ಘಟಕದ ಸರಪಳಿಯ ಡೈಅಜೈಡ್‌ನಲ್ಲಿ ಅದು 1.8 ಮಾತ್ರ. ಹಾಗಾಗಿ ಒಂದು ಸಲಕ್ಕೆ ಸ್ವಲ್ಪವೇ ಮಾಡಿದೆ, ರಕ್ಷಾಫಲಕದ ಹಿಂದೆ, ಬಿಸಿ ಮಾಡಿ ಬಟ್ಟಿ ಇಳಿಸುವ ಗೋಜಿಗೆ ಹೋಗದೆ. ಸೋಡಿಯಂ ಅಜೈಡ್ ಇರುವ ಕಡೆ ಡೈಕ್ಲೋರೋಮೀಥೇನ್ ತರಬಾರದು, ಲೋಹದ ಚಮಚ ಮುಟ್ಟಿಸಬಾರದು, ಆಮ್ಲ ಸೇರಬಾರದು. ಕಣ ಮಾಡುವವರಲ್ಲಿ ಈ ಭಯ ಇರುವುದಿಲ್ಲ. ಅವರಿಗೆ ಯಾರೂ ಕಲಿಸಿರುವುದಿಲ್ಲ.

ಲಿಪೋಯಿಕ್ ಆಮ್ಲ ಸೇರಿಸಿದ ಮೇಲೆ ತಿಳಿ ಹಳದಿ ಎಣ್ಣೆ ಬಂತು. ಶುಕ್ರವಾರ ಸಂಜೆ ಬಿಸಿನೀರಿನ ತೊಟ್ಟಿಯ ಮೇಲೆ ಕೊನೆಯ ಹನಿಯವರೆಗೂ ಒಣಗಿಸಿ ಕಿಟಕಿಯ ಬಳಿ ಇಟ್ಟು ಹೋದೆ. ಸೋಮವಾರ ಅದು ರಬ್ಬರ್. ಗಂಧಕದ ಆ ಉಂಗುರ ಬಿಗಿಯಾಗಿರುವುದರಿಂದ ಬೆಳಕು, ಬಿಸಿ, ದಟ್ಟಣೆ ಸೇರಿದರೆ ಬಿಚ್ಚಿಕೊಂಡು ಒಂದಕ್ಕೊಂದು ಕೊಂಡಿಯಾಗಿ ಪಾಲಿಮರ್ ಆಗುತ್ತದೆ. ಒಣಗಿಸುವ ಚಟಕ್ಕೆ ಇದು ಎರಡನೆಯ ದಂಡ. ಆಮೇಲಿಂದ ಅದನ್ನು ದ್ರಾವಣವಾಗಿಯೇ, ಕತ್ತಲಲ್ಲಿ, ಫ್ರಿಜ್‌ನಲ್ಲಿ ಇಡುತ್ತೇನೆ.

ಕೊನೆಗೆ ಅಣು ಸಿದ್ಧವಾಯಿತು, ಕಣದ ಮೇಲೆ ಕುಳಿತೂ ಕುಳಿತಿತು. ಎರಡು ಸೀಸೆಗಳಲ್ಲಿ ಪರೀಕ್ಷೆ: ಒಂದರಲ್ಲಿ ಬರೀ ಸಿಟ್ರೇಟ್ ಚಿನ್ನ, ಇನ್ನೊಂದರಲ್ಲಿ ನನ್ನದು. ಎರಡಕ್ಕೂ ಉಪ್ಪಿನ ದ್ರಾವಣ ಹಾಕಿದೆ. ಮೊದಲನೆಯದು ಕಣ್ಣೆದುರೇ ನೀಲಿಯಾಗಿ, ಸ್ವಲ್ಪ ಹೊತ್ತಿನಲ್ಲಿ ತಳಕ್ಕೆ ಕಪ್ಪಾಗಿ ಇಳಿಯಿತು. ನನ್ನದು ಕೆಂಪಾಗಿಯೇ ನಿಂತಿತು. ಮರುದಿನವೂ ಕೆಂಪು. ಬೆಳಕು ಹೀರುವ ರೋಹಿತದಲ್ಲಿ 520 ನ್ಯಾನೋಮೀಟರ್ ಬಳಿಯ ಉಬ್ಬು ಕದಲಿರಲಿಲ್ಲ. ಫ್ಯಾರಡೆ ನೋಡಿದ್ದ ಅದೇ ಉಪ್ಪಿನ ಆಟದಲ್ಲಿ ನಾನು ಗೆದ್ದಿದ್ದೆ. ಹೊರತುದಿಯ ಕೊಕ್ಕೆಗೆ ಬಣ್ಣದ ಅಣುವನ್ನು ಸಿಕ್ಕಿಸಲು ತಾಮ್ರದ ವೇಗವರ್ಧಕ ಬಳಸಿದಾಗ ಮಾತ್ರ ಕೆಂಪು ಮತ್ತೆ ನೇರಳೆಗೆ ತಿರುಗಿತು. ಕಣಗಳಿಲ್ಲದ ಫ್ಲಾಸ್ಕಿನಲ್ಲಿ ಎಂದೂ ಕೈಕೊಡದ ಕ್ರಿಯೆ ಅದು. ಅದರ ಹಿಂದಿರುವ 'ಕ್ಲಿಕ್' ರಸಾಯನದ ಚಿಂತನೆಗೆ 2022ರಲ್ಲಿ ನೊಬೆಲ್ ಕೂಡ ಬಂತು. ಆದರೆ ತಾಮ್ರದ ಅಯಾನುಗಳು ಕಣಗಳನ್ನು ಗುಂಪುಗಟ್ಟಿಸುತ್ತಿದ್ದವು. ಎರಡು ತಿಂಗಳು ಒದ್ದಾಡಿ, ತಾಮ್ರವೇ ಬೇಡದ, ರಸಾಯನವಿಜ್ಞಾನಿ ಕ್ಯಾರೊಲಿನ್ ಬರ್ಟೋಜಿ 2004ರಲ್ಲಿ ತೋರಿಸಿದ ಬಿಗಿ ಉಂಗುರದ ಆಲ್ಕೈನ್‌ಗೆ (ಅಜೈಡ್ ಜೊತೆ ತಾನಾಗಿಯೇ ಕೂಡುವ ಅಣುವಿಗೆ) ಬದಲಾಯಿಸಿದೆ. ಇನ್ನೂ ಸರಳ ದಾರಿ ಆಮೇಲೆ ಹೊಳೆಯಿತು: ಸಿಕ್ಕಿಸುವುದನ್ನೆಲ್ಲ ಮೊದಲೇ ಸಿಕ್ಕಿಸಿ, ಶುದ್ಧ ಮಾಡಿ, ರೋಹಿತ ತೆಗೆದು, ಕೊನೆಗೆ ಒಂದೇ ಸಲ ಕಣದ ಮೇಲೆ ಕೂರಿಸುವುದು. ಕಣದ ಮೇಲೆ ಮಾಡಿದ ತಪ್ಪನ್ನು ಕಾಲಂನಲ್ಲಿ ಬೇರ್ಪಡಿಸಲು ಆಗುವುದಿಲ್ಲವಲ್ಲ.

ನನ್ನ ಹಳೆಯ ಕಸುಬಿಗೆ ಲ್ಯಾಬಿನಲ್ಲಿ ಮರ್ಯಾದೆ ತಂದುಕೊಟ್ಟದ್ದು ಈ ಅಣುವಲ್ಲ, ಒಂದು ಸೀಸೆ. ಪಕ್ಕದ ಮೇಜಿನ ಗೆಳತಿ ಚಿನ್ನದ ನ್ಯಾನೋಕಡ್ಡಿಗಳನ್ನು ಮಾಡುತ್ತಿದ್ದಳು. ಸಿಟೈಲ್‌ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್ ಎಂಬ ಸಾಬೂನಿನಂಥ ವಸ್ತುವಿನಲ್ಲಿ ಪುಟ್ಟ ಬೀಜಕಣಗಳನ್ನು ಹಾಕಿದರೆ ಅವು ಉದ್ದಕ್ಕೆ ಬೆಳೆಯುತ್ತವೆ. ಕಡ್ಡಿಯಾದರೆ ರೋಹಿತದಲ್ಲಿ ಎರಡು ಉಬ್ಬು, ಗುಂಡಾದರೆ ಒಂದೇ. ಎರಡು ವರ್ಷ ಕಡ್ಡಿ ಬರುತ್ತಿದ್ದ ಕೈಯಲ್ಲಿ ಇದ್ದಕ್ಕಿದ್ದಂತೆ ಬರೀ ಗುಂಡುಗಳು. ಅವಳು ಉಷ್ಣತೆ ಬದಲಿಸಿದಳು, ಬೆಳ್ಳಿ ನೈಟ್ರೇಟ್ ಬದಲಿಸಿದಳು, ನೀರು ಬದಲಿಸಿದಳು. ಒಂದೂವರೆ ತಿಂಗಳ ಮೇಲೆ ನನ್ನ ಬಳಿ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಸೀಸೆ ಯಾವಾಗ ಬದಲಾಯಿತು?"

ಸಾವಯವದವರಿಗೆ ಸೀಸೆಯ ಮೇಲಿನ ಚೀಟಿಯಲ್ಲಿ ನಂಬಿಕೆ ಇಲ್ಲ. ಟಿಎಚ್‌ಎಫ್ ಎಂಬ ದ್ರಾವಕ ಒಣಗಿದೆ ಎಂದು ಬರೆದಿದ್ದರೆ ನಾವು ಮತ್ತೆ ಒಣಗಿಸುತ್ತೇವೆ. ಆ ಸಾಬೂನಿನಂಥ ವಸ್ತುವಿನ ಸೀಸೆ ಬದಲಾದದ್ದು ಹೌದು, ಕಡ್ಡಿ ನಿಂತ ವಾರವೇ. ಅದನ್ನು ಎರಡು ಸಲ ಮರುಸ್ಫಟಿಕೀಕರಿಸಿ ಕೊಟ್ಟೆ, ಫಲ ಸಿಗಲಿಲ್ಲ. ಹಾಗಿದ್ದರೆ ಮಾಡಿಯೇ ಬಿಡೋಣ ಎಂದು ಹೆಕ್ಸಾಡೆಸೈಲ್ ಬ್ರೋಮೈಡನ್ನು ಶುದ್ಧ ಮಾಡಿ, ಟ್ರೈಮೀಥೈಲ್‌ಅಮೈನ್ ಜೊತೆ ಸೇರಿಸಿ ನಾನೇ ತಯಾರಿಸಿದೆ. ಒಂದೇ ಹಂತ, ನಮಗದು ಬೆಳಗಿನ ಕೆಲಸ. ಅದರಲ್ಲಿ ಕಡ್ಡಿಗಳು ಬಂದವು. ಅದೇ ಹೊತ್ತಿಗೆ, 2008 ಮತ್ತು 2009ರಲ್ಲಿ, ಸ್ಮಿತ್, ಕೊರ್ಗೆಲ್ ಮತ್ತು ಸಂಗಡಿಗರ ಲೇಖನಗಳು ಬಂದವು. ಅಪರಾಧಿ ಅಯೋಡೈಡ್, ಲವಲೇಶದಷ್ಟು ಇದ್ದರೂ ಅದು ಚಿನ್ನದ ಮೇಲೆ ಕುಳಿತು ಉದ್ದದ ಬೆಳವಣಿಗೆಯನ್ನು ತಡೆಯುತ್ತದೆ. ನಾವು ನಮ್ಮ ಶುದ್ಧ ವಸ್ತುವಿಗೆ ಒಂದಿಷ್ಟು ಪೊಟ್ಯಾಸಿಯಂ ಅಯೋಡೈಡ್ ಬೇಕೆಂದೇ ಬೆರೆಸಿ ನೋಡಿದೆವು. ಕಡ್ಡಿ ನಿಂತುಹೋಯಿತು. ಗೆಳತಿ ಆ ದಿನ ಸೀಸೆಯ ಮೇಲೆ ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದದ್ದು ಕಣ್ಣಿಗೆ ಕಟ್ಟಿದಂತಿದೆ.

ಗಾತ್ರಕ್ಕೆ ತಕ್ಕ ಬಣ್ಣ ಹೊಮ್ಮಿಸುವ ಅರೆವಾಹಕ ಕಣಗಳಾದ ಕ್ವಾಂಟಂ ಚುಕ್ಕಿಗಳ ಕಥೆಯೂ ಇಂಥದೇ. ಮರೆ, ನಾರಿಸ್, ಬವೆಂಡಿ 1993ರಲ್ಲಿ ಕ್ಯಾಡ್ಮಿಯಂ ಸೆಲೆನೈಡ್ ಕಣಗಳನ್ನು ಬೆಳೆಸಿದ ಬಿಸಿ ದ್ರಾವಕ ಟ್ರೈಆಕ್ಟೈಲ್‌ಫಾಸ್ಫೀನ್ ಆಕ್ಸೈಡ್. ಅದರ ಕಡಿಮೆ ದರ್ಜೆಯ ಸರಕಿನಲ್ಲಿದ್ದ ಫಾಸ್ಫೋನಿಕ್ ಆಮ್ಲಗಳಂಥ ಕಲ್ಮಶಗಳು ಕಣಗಳ ಬೆಳವಣಿಗೆಯನ್ನೇ ತಿದ್ದುತ್ತಿದ್ದವು ಎಂಬುದು ಆಮೇಲೆ ಸ್ಪಷ್ಟವಾಯಿತು. ಕಲ್ಮಶ ಕೆಲವೊಮ್ಮೆ ಉಪಕಾರಿ, ಕೆಲವೊಮ್ಮೆ ಶತ್ರು. ಹಾಗಾಗಿ ಲ್ಯಾಬ್ ನೋಟ್‌ಬುಕ್‌ನಲ್ಲಿ ಪ್ರತಿ ರಾಸಾಯನಿಕದ ತಯಾರಿಕಾ ಸಂಖ್ಯೆ ಬರೆಯದ ವಿದ್ಯಾರ್ಥಿಯ ಪ್ರಯೋಗವನ್ನು ನಾನು ನಡೆದದ್ದೆಂದೇ ಲೆಕ್ಕಿಸುವುದಿಲ್ಲ.

ಸ್ವಂತ ಗುಂಪು ಕಟ್ಟುವ ಹಂತ ಬೇರೆಯೇ ಬಗೆಯ ಪರೀಕ್ಷೆ. ಎರಡು ದೋಣಿಯಲ್ಲಿ ಕಾಲಿಟ್ಟವರ ಪಾಡು ಸಂದರ್ಶನಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಸಾವಯವದವರು "ಹೊಸ ಕ್ರಿಯೆ ಎಲ್ಲಿದೆ?" ಎಂದರು. ವಸ್ತು ವಿಜ್ಞಾನದವರು "ಇದರ ಉಪಯೋಗವೇನು?" ಎಂದರು. ಒಂದು ಕಡೆಯಂತೂ ಆಯ್ಕೆ ಸಮಿತಿಯ ಹಿರಿಯರೊಬ್ಬರು, "ನೀವು ನಿಜಕ್ಕೂ ಯಾವ ವಿಭಾಗದವರು?" ಎಂದು ಮೂರು ಸಲ ಬೇರೆ ಬೇರೆ ಮಾತುಗಳಲ್ಲಿ ಕೇಳಿದರು; ನೌಕರಿ ಸಿಗಲಿಲ್ಲ. ಲೇಖನಗಳದ್ದೂ ಅದೇ ಕಥೆ. ಒಬ್ಬ ವಿಮರ್ಶಕರು ಸಂಶ್ಲೇಷಣೆಯ ಭಾಗ ಉದ್ದವಾಯಿತೆಂದರು, ಅದೇ ಲೇಖನಕ್ಕೆ ಇನ್ನೊಬ್ಬರು ಪ್ರತಿ ಮಧ್ಯವರ್ತಿ ಅಣುವಿನ ಇಂಗಾಲದ ಎನ್‌ಎಂಆರ್ ಕೇಳಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ಕಂಡುಕೊಂಡ ಉಪಾಯ ದೊಡ್ಡದೇನಲ್ಲ: ಸಂದರ್ಶನದಲ್ಲಿ ಕ್ಷೇತ್ರದ ಹೆಸರು ಹೇಳುವುದನ್ನು ಬಿಟ್ಟು, ಬಗೆಹರಿಸಬೇಕೆಂದಿರುವ ಒಂದು ಪ್ರಶ್ನೆಯಿಂದ ಮಾತು ಶುರು ಮಾಡಿದೆ. ಕಣದ ಮೇಲೆ ಎಷ್ಟು ಅಣುಗಳಿವೆ, ಎಲ್ಲಿವೆ, ಎಷ್ಟು ದಿನ ಇರುತ್ತವೆ? ಇದಕ್ಕೆ ಎರಡೂ ಕಡೆಯ ಕಸುಬು ಬೇಕು ಎಂಬುದು ಕೇಳುವವರಿಗೇ ಹೊಳೆಯುತ್ತಿತ್ತು.

ನನ್ನ ಗುಂಪಿಗೆ ಬರುವವರು ಮೊದಲ ಆರು ತಿಂಗಳಲ್ಲಿ ಎರಡೂ ಮಾಡಲೇಬೇಕು: ಮೂರು ಹಂತದ ಒಂದು ಅಣು, ತಮ್ಮದೇ ಕೈಯಿಂದ ಒಂದು ಬ್ಯಾಚ್ ಕಣ. ಭೌತಶಾಸ್ತ್ರದಿಂದ ಬಂದವರು ಕಾಲಂ ಹಾಕುವಾಗ ಗೋಳಾಡುತ್ತಾರೆ, ಸಾವಯವದಿಂದ ಬಂದವರು ಮೊದಲ ಬ್ಯಾಚನ್ನು ಒಣಗಿಸಿಬಿಡುತ್ತಾರೆ. ನಾನು ತಡೆಯುವುದಿಲ್ಲ. ಥಯಾಲ್‌ಗಳ ನಾತ ಎಲ್ಲರಿಗೂ ಸಮಾನ. ಪಾತ್ರೆಗಳನ್ನು ಬ್ಲೀಚ್‌ನಲ್ಲಿ ಮುಳುಗಿಸದೆ ಹುಡ್‌ನಿಂದ ಹೊರಗೆ ತರುವಂತಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬಗ್ಗೆ ಒಂದು ಹಠ ನನಗಿದೆ. ಕಣಗಳನ್ನು ಹರಡಿದ ಜಾಲರಿಯ ಚಂದದ ಮೂಲೆಯೊಂದರ ಚಿತ್ರ ತೆಗೆದು, ಐವತ್ತು ಕಣ ಎಣಿಸಿ, ಗಾತ್ರ ಇಷ್ಟೇ ಎಂದು ಬರೆಯುವ ಚಾಳಿ ನಮ್ಮ ಕ್ಷೇತ್ರದಲ್ಲಿ ಇದೆ. ನನ್ನ ವಿದ್ಯಾರ್ಥಿಗಳು ಕಡಿಮೆಯೆಂದರೆ ಮುನ್ನೂರು ಎಣಿಸಬೇಕು, ಅದೂ ಐದು ಬೇರೆ ಬೇರೆ ಜಾಗಗಳಿಂದ, ಕೊಳಕು ಜಾಗವೂ ಸೇರಿ. ಇದರಿಂದ ನಮ್ಮ ಅಂಕಿಗಳು ಇತರರಿಗಿಂತ ಸಪ್ಪೆಯಾಗಿ ಕಾಣುತ್ತವೆ. ಕಾಣಲಿ.

ಇತ್ತೀಚಿನ ವರ್ಷಗಳಲ್ಲಿ ನಾನು ಹೆಚ್ಚು ಸಮಯ ಕಳೆಯುತ್ತಿರುವುದು ಚಿಕ್ಕ ಗೊಂಚಲುಗಳ ಜೊತೆ. 2007ರಲ್ಲಿ 102 ಚಿನ್ನದ ಪರಮಾಣು ಮತ್ತು 44 ಥಯಾಲ್‌ಗಳ ಒಂದು ಗೊಂಚಲಿನ ಸ್ಫಟಿಕ ರಚನೆ ಪ್ರಕಟವಾದಾಗ ಆ ಚಿತ್ರವನ್ನು ಗೋಡೆಗೆ ಅಂಟಿಸಿದ್ದೆ. ಮರುವರ್ಷ 25 ಚಿನ್ನ, 18 ಥಯಾಲ್‌ಗಳ ಗೊಂಚಲಿನ ರಚನೆಯೂ ಬಂತು: ನಡುವೆ 13 ಪರಮಾಣುಗಳ ತಿರುಳು, ಸುತ್ತ ಆರು ಕೊಂಡಿಗಳು, ಪ್ರತಿ ಕೊಂಡಿಯಲ್ಲಿ ಎರಡು ಚಿನ್ನ, ಮೂರು ಗಂಧಕ. ಇಲ್ಲಿ "ಸುಮಾರು" ಇಲ್ಲ. ಇದಕ್ಕೆ ಅಣುಸೂತ್ರ ಬರೆಯಬಹುದು.

ಕಳೆದ ತಿಂಗಳು ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಆ 25ರ ಗೊಂಚಲನ್ನು ಫೀನೈಲ್‌ಎಥೇನ್‌ಥಯಾಲ್‌ನಿಂದ ಮಾಡಿ ತಂದಳು. ಕಂದು ಬಣ್ಣದ ದ್ರಾವಣ, ನೋಡಲು ಏನೂ ಅಲ್ಲ. ದ್ರವ್ಯರಾಶಿ ರೋಹಿತದಲ್ಲಿ 7394ರ ಬಳಿ ಒಂಟಿ ಪೀಕ್. ಎನ್‌ಎಂಆರ್ ಹಾಳೆಯನ್ನು ಮಾತ್ರ ಅವಳು ಬೆನ್ನ ಹಿಂದೆ ಹಿಡಿದಿದ್ದಳು.

"ಮೇಡಂ, ಪೀಕ್‌ಗಳು ಚೂಪಾಗಿ ಬಂದಿವೆ. ಕಣದ ಮೇಲೆ ಇಲ್ಲದ್ದು ಬೆರೆತಿರಬೇಕು. ಇನ್ನೊಮ್ಮೆ ತೊಳೆಯಲೇ?"

ಹಾಳೆಯನ್ನು ಇಸಿದುಕೊಂಡೆ. ಋಣ ಆವೇಶದ ಈ ಗೊಂಚಲಿನಲ್ಲಿ ಪ್ರತಿ ಕೊಂಡಿಯ ಎರಡು ಗಂಧಕಗಳು ತಿರುಳಿಗೆ ತಾಗಿ ಕುಳಿತಿರುತ್ತವೆ, ಒಂದು ಹೊರಗೆ ಬಾಗಿರುತ್ತದೆ. ಎಲ್ಲ ಕಣಗಳೂ ಒಂದೇ ರೂಪವಾದ್ದರಿಂದ ಹರಡಿಕೊಳ್ಳಲು ಕಾರಣವಿಲ್ಲ. ಹನ್ನೆರಡು ಒಂದು ಬಗೆ, ಆರು ಇನ್ನೊಂದು ಬಗೆ. ಪೆನ್ಸಿಲ್ ತೆಗೆದುಕೊಂಡು ಎರಡು ಗುಂಪಿನ ಪೀಕ್‌ಗಳ ಕೆಳಗೆ ಗೆರೆ ಎಳೆದು, ವಿಸ್ತೀರ್ಣ ಎಷ್ಟು ಬಂದಿದೆ ಎಂದು ಕೇಳಿದೆ.

ಅವಳು ಫೋನಿನಲ್ಲಿ ನೋಡಿ ಹೇಳಿದಳು: "ಎರಡಕ್ಕೆ ಒಂದು."

"ಹಾಗಾದರೆ ಫ್ಲಾಸ್ಕಿನಲ್ಲಿ ಇರುವುದೇನು?" ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿ, ನನ್ನ ಕೈಯಿಂದಲೇ ಪೆನ್ಸಿಲ್ ತೆಗೆದುಕೊಂಡು ಹಾಳೆಯ ಅಂಚಿನಲ್ಲಿ ಸೂತ್ರ ಬರೆಯತೊಡಗಿದಳು.